ಪುಟ್ಟಿ, ‘ಸೇವೆ’ ಅಂತ ಬರೆಯಬೇಡ

ಎಂಪಿಎಚ್‌ಗೆ ಅರ್ಜಿ ಹಾಕುತ್ತಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಸಾರ್ವಜನಿಕ ಆರೋಗ್ಯವನ್ನೇ ಯಾಕೆ ಆರಿಸಿಕೊಂಡೆ ಅಂತ ಎರಡು ಪುಟ ಬರೆಯಬೇಕಂತಲ್ಲ, ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಓದಿದೆ. ಸಮಾಜಸೇವೆ ಇದೆ, ಬಡವರ ಕಣ್ಣೀರಿದೆ, ಚಿಕ್ಕಂದಿನ ಕನಸೂ ಇದೆ. ಭದ್ರಾವತಿ ಇಲ್ಲ, ಶಿವಮೊಗ್ಗ ಇಲ್ಲ, ನೀನೂ ಇಲ್ಲ. ಯಾವ ಊರಿನ ಯಾರು ಬೇಕಾದರೂ ಅದರ ಕೆಳಗೆ ಸಹಿ ಹಾಕಬಹುದು.

ನಿಮ್ಮ ದೊಡ್ಡಪ್ಪ ಆರೋಗ್ಯ ಇಲಾಖೆಯಲ್ಲಿ ಚಪ್ಪಲಿ ಸವೆಸಿದವನು, ಅದಕ್ಕೇ ಹೇಳುತ್ತೇನೆ ಕೇಳು. ಸೇವೆ ಮಾಡುವ ಆಸೆ ಒಳ್ಳೆಯದೇ, ಆದರೆ ಅದೊಂದನ್ನೇ ನೆಚ್ಚಿಕೊಂಡು ಬಂದವರು ಬೇಗ ಸುಸ್ತಾಗುತ್ತಾರೆ. ಡಾಕ್ಟರಿಗಾದರೆ ಜ್ವರ ಬಿಟ್ಟ ರೋಗಿ ಕೈಮುಗಿಯುತ್ತಾನೆ, ತೋಟದ ಬಾಳೆಗೊನೆ ತಂದಿಡುತ್ತಾನೆ. ಬಾರದೇ ಹೋದ ಡೆಂಗಿಗೆ ಯಾರು ಬಾಳೆಗೊನೆ ಕೊಡುತ್ತಾರೆ? ಲಾರ್ವಾ ಸರ್ವೆಗೆ ಹೋಗಿ ಡ್ರಮ್ಮಿನ ನೀರು ಚೆಲ್ಲಿ ಅಂದರೆ, ‘ನಾಳೆ ನಲ್ಲಿಯಲ್ಲಿ ನೀರು ಬರುತ್ತೋ ಇಲ್ಲವೋ, ನೀವು ತಂದುಕೊಡ್ತೀರಾ?’ ಅಂತ ಬೈಸಿಕೊಂಡು ಬರಬೇಕು. ಅವರ ಮಾತಿನಲ್ಲಿ ತಪ್ಪೇನಿದೆ? ಬೈಗುಳಕ್ಕೆ ಬೇಜಾರು ಮಾಡಿಕೊಂಡು ಮನೆಗೆ ಬಂದರೆ ನಿನಗೆ ಈ ಕೆಲಸ ಒಗ್ಗುವುದಿಲ್ಲ. ‘ಹೌದಲ್ಲ, ನೀರು ದಿನಾ ಬರುವ ಬೀದಿಯಲ್ಲಿ ಡ್ರಮ್ಮು ಎಷ್ಟಿವೆ, ಬಾರದ ಬೀದಿಯಲ್ಲಿ ಎಷ್ಟಿವೆ?’ ಅಂತ ಎಣಿಸಬೇಕು ಅನ್ನಿಸಿದರೆ ಒಗ್ಗುತ್ತದೆ.

ಹೀಗೆ ಎಣಿಸಿ ಕಾರಣ ಹುಡುಕುವ ಚಾಳಿ ನಮ್ಮ ಜಿಲ್ಲೆಗೆ ಹೊಸತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇನೋ ಅನ್ನುವ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ಹರಡುವುದು ಸೊಳ್ಳೆಯಿಂದ, ಇಲ್ಲಿ ಸಿಕ್ಕಿದ್ದು ಉಣುಗು. ಅದರೊಳಗೆ ಅಲ್ಲಿಯವರೆಗೆ ಯಾರೂ ಕಾಣದ ವೈರಸ್ಸು. ನಮ್ಮ ಮಂಗನ ಕಾಯಿಲೆಗೆ ಜಗತ್ತಿನ ಪುಸ್ತಕಗಳಲ್ಲೆಲ್ಲ ಕ್ಯಾಸನೂರಿನ ಹೆಸರೇ ಇದೆ. ಊರಿಗೆ ಬೇಡದ ಕೀರ್ತಿ, ಬಿಡು.

ವೈರಸ್ಸು ಸಿಕ್ಕಿತು ಅಂತ ಅವರು ಗಂಟುಮೂಟೆ ಕಟ್ಟಲಿಲ್ಲ. ಈ ಕಾಡಿನಲ್ಲೇ ಯಾಕೆ, ಈಗಲೇ ಯಾಕೆ ಅಂತ ಬೆನ್ನುಹತ್ತಿದರು. ಕೊಲಂಬಿಯಾದಿಂದ ಬಂದಿದ್ದ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿ ಬರೆದದ್ದನ್ನು ಹುಡುಕಿ ಓದು. ಜನ ಕಾಡು ಕಡಿದು ಗದ್ದೆ ಮಾಡಿದರು, ದನಗಳು ಕಾಡಂಚಿಗೆ ಮೇಯಲು ಹೋದವು, ದನದ ರಕ್ತ ಕುಡಿದು ಉಣುಗಿನ ಸಂತಾನ ಬೆಳೆಯಿತು ಅನ್ನುವುದು ಅವನ ಲೆಕ್ಕಾಚಾರ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ನಿನಗೆ ರೋಗಿ ಸಿಗುತ್ತಾನೆ. ಅವನು ಯಾವ ಸೊಪ್ಪಿನಬೆಟ್ಟಕ್ಕೆ ಹೋಗಿದ್ದ, ಕೊಟ್ಟಿಗೆಗೆ ದರಗು ಎಲ್ಲಿಂದ ತಂದ ಅನ್ನುವುದು ತಿಳಿಯಬೇಕಾದರೆ ಅವನ ಮನೆ ಬಾಗಿಲಿಗೇ ಹೋಗಬೇಕು.

ಈ ಕಾಯಿಲೆಯ ಲಸಿಕೆಯ ಕಥೆ ಇನ್ನೂ ಸ್ವಾರಸ್ಯ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರು, ಆಮೇಲೂ ವರ್ಷವರ್ಷ ತೋಳು ಒಡ್ಡಬೇಕಿತ್ತು. ಚುಚ್ಚಿದ ಜಾಗ ಜೋರು ನೋಯುತ್ತಿತ್ತು. ನಾಳೆ ಗುದ್ದಲಿ ಹಿಡಿಯಬೇಕಾದವನು ಮೊದಲ ಸಲ ಬರುತ್ತಿದ್ದ, ಮೂರನೇ ಸಲ ನಮ್ಮನ್ನು ಕಂಡರೆ ಹಿತ್ತಿಲಿನಿಂದ ಪರಾರಿ. 2005ರಿಂದ 2010ರವರೆಗಿನ ದಾಖಲೆ ತೆಗೆದು ನೋಡಿದಾಗ ಪೂರ್ತಿ ಹಾಕಿಸಿಕೊಂಡವರು ಕಡಿಮೆ ಅಂತಲೇ ಕಂಡಿತು. ಆ ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ, ಹೊಸದು ಇನ್ನೂ ಪ್ರಯೋಗದ ಹಂತದಲ್ಲಿದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ಕಾಯಿಲೆಯಿಂದ ಸಾವುಗಳಾದವು, ಹೊಸ ವರ್ಷ ಬಂದರೂ ನಿಲ್ಲಲಿಲ್ಲ. ಆಗ ನೀನು ಪೇಪರಿನಲ್ಲಿ ಓದಿ ನನಗೆ ಫೋನು ಮಾಡಿದ್ದೆ, ‘ಅರವತ್ತು ವರ್ಷ ಆದರೂ ಯಾಕೆ ದೊಡ್ಡಪ್ಪ?’ ಅಂತ. ನಿನ್ನ ಎರಡು ಪುಟಕ್ಕೆ ಆ ಪ್ರಶ್ನೆ ಸಾಕಿತ್ತು. ಅದನ್ನೇ ಬಿಟ್ಟು ಕಣ್ಣೀರು ಬರೆದಿದ್ದೀಯ.

ಇನ್ನು ಸಂಬಳದ ಮಾತು. ಸರ್ಕಾರಿ ಕೆಲಸ ಸಿಕ್ಕೀತು ಅನ್ನುವ ಆಸೆಯೂ ಮನಸ್ಸಿನಲ್ಲಿದ್ದರೆ ನಾಚಿಕೆ ಬೇಡ. ಎಂಪಿಎಂ ಕಾಗದದ ಕಾರ್ಖಾನೆ ನಿಂತುಹೋದ ಊರು ನಮ್ಮ ಭದ್ರಾವತಿ, ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಉಳಿಯುತ್ತೋ ಇಲ್ಲವೋ ಅನ್ನುವ ಮಾತು ಕೇಳುತ್ತಲೇ ನೀವೆಲ್ಲ ಬೆಳೆದಿರಿ. ದುಡಿಮೆಯ ಚಿಂತೆ ಇಲ್ಲ ಅಂದರೆ ಯಾರು ನಂಬುತ್ತಾರೆ? ಆದರೆ ಕಣ್ಣು ಬಿಟ್ಟುಕೊಂಡು ಬಾ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್ಎಚ್ಎಂ) ಕೆಳಗೆ ಸಿಗುವುದು ಹೆಚ್ಚಾಗಿ ಗುತ್ತಿಗೆ ಕೆಲಸ. ನೀನು ಎಂಬಿಬಿಎಸ್ ಓದಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿ ನಿನ್ನದಾಗುವುದಿಲ್ಲ. ಓದು ಮುಗಿಸಿ ಬಂದ ಮೇಲೂ ಊರಿನ ನೆಂಟರು ‘ಹಾಗಾದರೆ ನೀನು ಡಾಕ್ಟರೋ ನರ್ಸೋ?’ ಅಂತ ಕೇಳುತ್ತಲೇ ಇರುತ್ತಾರೆ. ನಿಮ್ಮ ದೊಡ್ಡಮ್ಮ ನನ್ನನ್ನು ಇವತ್ತಿಗೂ ‘ಸೊಳ್ಳೆ ಇಲಾಖೆ’ ಅಂತಲೇ ಪರಿಚಯಿಸುತ್ತಾಳೆ.

ಅರ್ಜಿಗೆ ಇನ್ನೂ ದಿನ ಇದೆಯಲ್ಲ, ಸಾಗರದ ಕಡೆ ಹೋಗಿ ಬಾ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಂಡು ಆಶಾ ಕಾರ್ಯಕರ್ತೆಯ ಜೊತೆ ನಾಲ್ಕು ಮನೆ ತಿರುಗು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮನೆಯಲ್ಲಿದೆಯೇ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಬಾಟಲಿ ತೋರಿಸಿ ಅನ್ನು, ಎಷ್ಟು ಖಾಲಿಯಾಗಿದೆ ನೋಡು. ಹಚ್ಚಿಕೊಳ್ಳದವರು ಯಾಕೆ ಅಂತ ಹೇಳುವಾಗ ಮಧ್ಯೆ ಬಾಯಿ ಹಾಕಬೇಡ, ಅವರ ಮಾತಿನಲ್ಲೇ ಬರೆದುಕೊಂಡು ಬಂದು ಅದರಿಂದಲೇ ಮೊದಲ ಪುಟ ಶುರುಮಾಡು. ಉಣುಗಿನ ಕಾಲ ಡಿಸೆಂಬರಿನಿಂದ ಮೇ ತನಕ, ಅದರ ನಡುವೆ ಹೋದರೆ ನೀನೂ ಎಣ್ಣೆ ಹಚ್ಚಿಕೋ, ಕಾಡಿಗೆ ಮಾತ್ರ ಕಾಲಿಡಬೇಡ. ಮನೆಗೆ ಬಂದವಳೇ ಬಿಸಿನೀರಿನಲ್ಲಿ ಸ್ನಾನ ಮಾಡು, ಬಟ್ಟೆಯನ್ನೂ ಬಿಸಿನೀರಿಗೇ ಹಾಕು. ಕಳಿಸಿದ್ದು ನಾನು ಅಂತ ನಿಮ್ಮಮ್ಮನಿಗೆ ಹೇಳಬೇಡ.