ಟಿಕೆಟ್ ನಿಮ್ಮದು, ಮೊಬೈಲ್ ನಂಬರ್ ಯಾರದು?

ವಿಮಾನದ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಕೊಳ್ಳುವವರು ದರವನ್ನು ನಾಲ್ಕು ಕಡೆ ಹೋಲಿಸುತ್ತಾರೆ, ಎಷ್ಟು ಕಿಲೋ ಸಾಮಾನು ಒಯ್ಯಬಹುದೆಂದು ವಿಚಾರಿಸುತ್ತಾರೆ, ಕಿಟಕಿ ಪಕ್ಕದ ಸೀಟಿಗೆ ಎಷ್ಟು ಹೆಚ್ಚು ಕೊಡಬೇಕೆಂದು ಕೇಳುತ್ತಾರೆ. ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸ ಎಂಬ ಎರಡು ಖಾನೆಗಳಲ್ಲಿ ಏನು ತುಂಬಿದೆ ಎಂದು ಮಾತ್ರ ನೋಡುವುದಿಲ್ಲ. ಮಂಗಳೂರಿನಿಂದ ಕೊಲ್ಲಿ ದೇಶಕ್ಕೆ ದುಡಿಯಲು ಹೋಗುವ ಹುಡುಗ, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ತಾಯಿ, ಮೊದಲ ಸಲ ಕಾಶಿಗೆ ವಿಮಾನದಲ್ಲಿ ಹೋಗುವ ಹಿರಿಯರು, ಎಲ್ಲರದೂ ಒಂದೇ ರೂಢಿ. ಸೈಬರ್ ಸೆಂಟರಿನವನಿಗೋ ಟ್ರಾವೆಲ್ ಏಜೆಂಟನಿಗೋ ನಗದು ಕೊಟ್ಟು, ಅವನು ವಾಟ್ಸಾಪ್‌ನಲ್ಲಿ ಕಳಿಸಿದ ಟಿಕೆಟ್ಟನ್ನು ಪ್ರಿಂಟ್ ತೆಗೆದು ಚೀಲದಲ್ಲಿಟ್ಟುಕೊಳ್ಳುತ್ತಾರೆ. ಆ ಟಿಕೆಟ್ಟಿನಲ್ಲಿ ಹೆಸರು ಪ್ರಯಾಣಿಕರದು, ನಂಬರ್ ಏಜೆಂಟನದು, ಹಣ ಹೋದದ್ದು ಏಜೆಂಟನ ವಾಲೆಟ್‌ನಿಂದ. ಎಲ್ಲವೂ ಸುಸೂತ್ರವಾಗಿ ನಡೆದರೆ ಇದರಿಂದ ತೊಂದರೆಯಿಲ್ಲ. ವಿಮಾನ ರದ್ದಾದರೆ, ತಡವಾದರೆ ಅಥವಾ ಪ್ರಯಾಣವನ್ನೇ ಬಿಡಬೇಕಾಗಿ ಬಂದರೆ, ಕಾನೂನು ಕೊಟ್ಟಿರುವ ಹಕ್ಕುಗಳೆಲ್ಲ ಆ ಎರಡು ಖಾನೆಗಳ ಮೂಲಕವೇ ನಿಮ್ಮನ್ನು ತಲುಪಬೇಕು. ಅಲ್ಲಿ ಬೇರೆಯವರು ಕೂತಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ವಿಮಾನ ಪ್ರಯಾಣಿಕರು ಕಳೆದುಕೊಳ್ಳುವ ಹಣದಲ್ಲಿ ದೊಡ್ಡ ಪಾಲು ಹೋಗುವುದು ಇಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಅತಿಶಯವೆಂದು ಭಾವಿಸುವವರು ಪರಿಹಾರದ ನಿಯಮವನ್ನು ಓದಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಿಂದ ಜಾರಿಗೆ ತಂದು ಆಮೇಲೆ ಹಲವು ಸಲ ತಿದ್ದಿರುವ ನಿಯಮವೊಂದಿದೆ. ವಿಮಾನ ರದ್ದಾಗುವುದಾದರೆ ಕಂಪನಿ ಎರಡು ವಾರ ಮೊದಲೇ ತಿಳಿಸಿ, ಬೇರೆ ವಿಮಾನವನ್ನೋ ಹಣ ವಾಪಸನ್ನೋ ನಿಮ್ಮ ಇಷ್ಟದಂತೆ ಕೊಡಬೇಕು. ಹೊರಡುವ 24 ಗಂಟೆ ಮೊದಲೂ ತಿಳಿಸದಿದ್ದರೆ ಅದರ ಮೇಲೆ ಪರಿಹಾರವನ್ನೂ ಕೊಡಬೇಕು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000. ಇಲ್ಲವೇ ಒಂದು ದಿಕ್ಕಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನದಂಥ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಪರಿಹಾರವಿಲ್ಲ ಎಂಬ ವಿನಾಯಿತಿ ಎಲ್ಲರಿಗೂ ಗೊತ್ತು, ಏಕೆಂದರೆ ಕಂಪನಿಗಳು ಅದನ್ನು ಬೇಕಾದಲ್ಲೂ ಬೇಡವಾದಲ್ಲೂ ಹೇಳುತ್ತವೆ. ಆದರೆ ಅದೇ ನಿಯಮದಲ್ಲಿ ಇನ್ನೊಂದು ವಿನಾಯಿತಿ ಇದೆ. ಬುಕ್ ಮಾಡುವಾಗ ಸರಿಯಾದ ಸಂಪರ್ಕ ವಿವರ ಕೊಡದ ಪ್ರಯಾಣಿಕರಿಗೆ ಈ ಪರಿಹಾರ ಸಿಗುವುದಿಲ್ಲ. ಕಂಪನಿ ಏಜೆಂಟನ ನಂಬರಿಗೆ ಸಂದೇಶ ಕಳಿಸಿ ಕೈತೊಳೆದುಕೊಳ್ಳುತ್ತದೆ, ದಿನಕ್ಕೆ ನೂರು ಸಂದೇಶ ಬರುವ ಏಜೆಂಟ್ ಅದನ್ನು ತೆರೆದೂ ನೋಡಿರುವುದಿಲ್ಲ, ನೀವು ಬೆಳಗಿನ ಜಾವ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿ ಬೋರ್ಡಿನಲ್ಲಿ ವಿಮಾನ ರದ್ದೆಂದು ಓದುತ್ತೀರಿ. ಆಮೇಲೆ ಪರಿಹಾರ ಕೇಳಿದರೆ 'ನಾವು ತಿಳಿಸಿದ್ದೇವೆ' ಎಂಬ ಉತ್ತರ ಸಿದ್ಧವಿರುತ್ತದೆ. ಟಿಕೆಟ್ ಹಣದ ಹಕ್ಕು ಆಗಲೂ ಹೋಗುವುದಿಲ್ಲ. ಪರಿಹಾರದ ವಾದ ಮಾತ್ರ ಬಹಳ ದುರ್ಬಲವಾಗುತ್ತದೆ.

2025ರ ಡಿಸೆಂಬರಿನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದಾಗ ಇದೇ ಸಂಗತಿ ದೇಶದ ಕಣ್ಣೆದುರು ನಡೆಯಿತು. ಬಾಕಿ ಹಣವನ್ನೆಲ್ಲ ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಹಿಂದಿರುಗಿಸಬೇಕೆಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ಆದೇಶಿಸಿತು. ನೇರವಾಗಿ ಕೊಂಡವರ ದಾರಿ ಸುಲಭವಾಗಿತ್ತು. ಬೇರೆ ಪೋರ್ಟಲ್ ಅಥವಾ ಏಜೆಂಟರ ಮೂಲಕ ಕೊಂಡವರ ವಿಚಾರದಲ್ಲಿ ಕಂಪನಿಯೇ, ಅವರ ಪೂರ್ಣ ವಿವರ ತನ್ನಲ್ಲಿ ಇಲ್ಲದಿರಬಹುದು, ಹಾಗಾಗಿ ತನಗೆ ಬರೆದು ತಿಳಿಸಿ ಎಂದು ಪ್ರಕಟಣೆ ಕೊಟ್ಟಿತು. ದುಡ್ಡು ಕೊಡಲು ಸಿದ್ಧವಿರುವ ಕಂಪನಿಗೂ ಯಾರಿಗೆ ಕೊಡಬೇಕೆಂದು ತಿಳಿಯದ ಸ್ಥಿತಿ ಅದು. ಎರಡು ಖಾನೆಗಳನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದರ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಇನ್ನು ಹಣದ ದಾರಿ. ರೀಫಂಡ್ ಸಾಮಾನ್ಯವಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ನಿಮ್ಮ ಕಾರ್ಡಿನಿಂದ ಬಂದಿದ್ದರೆ ನಿಮ್ಮ ಕಾರ್ಡಿಗೆ, ಏಜೆಂಟನ ವಾಲೆಟ್‌ನಿಂದ ಬಂದಿದ್ದರೆ ಏಜೆಂಟನ ವಾಲೆಟ್ಟಿಗೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ ಹಣವನ್ನು 7 ದಿನದೊಳಗೆ ಹಿಂದಿರುಗಿಸಬೇಕೆಂದು ಡಿಜಿಸಿಎ ನಿಯಮ ಹೇಳುತ್ತದೆ. ಏಜೆಂಟ್ ಅಥವಾ ಪೋರ್ಟಲ್ ಮೂಲಕ ಕೊಂಡಿದ್ದರೆ, 2016ರ ಪರಿಷ್ಕರಣೆಯ ಪ್ರಕಾರ, 30 ಕೆಲಸದ ದಿನಗಳಿದ್ದವು. ಇದನ್ನು 21ಕ್ಕೆ ಇಳಿಸುವ ಕರಡನ್ನು 2025ರ ನವೆಂಬರಿನಲ್ಲಿ ಹೊರಡಿಸಲಾಯಿತು. ಹಾಗಾಗಿ ನಿಮ್ಮ ಪ್ರಕರಣದ ದಿನ ಜಾರಿಯಲ್ಲಿರುವ ಅವಧಿಯನ್ನು ಡಿಜಿಸಿಎ ಜಾಲತಾಣದಲ್ಲಿ ನೋಡಿಕೊಳ್ಳಿ. ಎಷ್ಟೇ ದಿನವಿರಲಿ, ಅದೇ ನಿಯಮದ ಇನ್ನೊಂದು ಮಾತು ಹೆಚ್ಚು ಮುಖ್ಯ: ಏಜೆಂಟರು ವಿಮಾನ ಕಂಪನಿಯ ಪ್ರತಿನಿಧಿಗಳಾದ್ದರಿಂದ ಹಣ ಹಿಂದಿರುಗಿಸುವ ಹೊಣೆ ಕಂಪನಿಯದೇ. ಕಂಪನಿಗೆ ಫೋನ್ ಮಾಡಿದರೆ ಏಜೆಂಟನನ್ನು ಕೇಳಿ ಎನ್ನುತ್ತಾರೆ, ಏಜೆಂಟನನ್ನು ಕೇಳಿದರೆ ಕಂಪನಿಯಿಂದ ಬಂದಿಲ್ಲ ಎನ್ನುತ್ತಾನೆ. ಈ ಓಡಾಟದಲ್ಲಿ ದಣಿದು ಬಿಟ್ಟುಬಿಡುವವರೇ ಜಾಸ್ತಿ, ಮಧ್ಯವರ್ತಿಗೆ ಬೇಕಾದದ್ದೂ ಅದೇ. ಕೋವಿಡ್ ಲಾಕ್‌ಡೌನಿನ ಟಿಕೆಟ್ಟುಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಕೊಟ್ಟ ತೀರ್ಪಿನಲ್ಲಿ, ಕಂಪನಿ ಕೊಟ್ಟ ಹಣವನ್ನು ಏಜೆಂಟರು ತಡಮಾಡದೆ ಪ್ರಯಾಣಿಕರಿಗೆ ದಾಟಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಆದರೂ ಯಾತ್ರಾ ಎಂಬ ಪೋರ್ಟಲ್‌ನಲ್ಲಿ 2021ರಲ್ಲಿ 26 ಕೋಟಿ ರೂಪಾಯಿಗೂ ಮಿಕ್ಕಿ ಬಾಕಿ ಇತ್ತು. 2024ರ ಜೂನ್ ಹೊತ್ತಿಗೂ ಸುಮಾರು 2.5 ಕೋಟಿ ಉಳಿದಿತ್ತು, ಅದನ್ನು ಕೊಡಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮತ್ತೊಂದು ಆದೇಶ ಹೊರಡಿಸಬೇಕಾಯಿತು. ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೂ ಸುಮಾರು ನಾಲ್ಕು ವರ್ಷ. ನಿಮ್ಮೂರಿನ ಏಜೆಂಟನ ವಾಲೆಟ್ಟಿಗೆ ಬಿದ್ದ ಹಣ ಬಂತೋ ಇಲ್ಲವೋ ಎಂದು ಹೇಳುವವರೇ ಇಲ್ಲ.

ಇದಕ್ಕೆ ಜನ ಹೇಳುವ ಉತ್ತರ ನ್ಯಾಯವಾದದ್ದೇ. ನಮಗೆ ಆನ್‌ಲೈನ್ ಬರುವುದಿಲ್ಲ, ಫಾರಂ ಇಂಗ್ಲಿಷಿನಲ್ಲಿದೆ, ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಹೆದರಿಕೆ, ಪೋರ್ಟಲ್‌ನಲ್ಲಿ ಆಫರ್ ಸಿಗುತ್ತದೆ, ಪರಿಚಯದ ಏಜೆಂಟ್ ಆಪತ್ತಿಗೆ ಒದಗುತ್ತಾನೆ. ಏಜೆಂಟನ ಬಳಿ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಅವನಿಂದ ಟಿಕೆಟ್ ಮಾಡಿಸಿ, ಆದರೆ ಸಂಪರ್ಕದ ಖಾನೆಯಲ್ಲಿ ನಿಮ್ಮ ಮೊಬೈಲ್ ನಂಬರನ್ನೇ ಹಾಕಿಸಿ; ಇಮೇಲ್ ಇಲ್ಲದಿದ್ದರೆ ಮಗನದೋ ಸೊಸೆಯದೋ ಕೊಡಿ. ಹಣವನ್ನು ಸಾಧ್ಯವಾದರೆ ನಿಮ್ಮ ಅಥವಾ ಮನೆಯವರ ಕಾರ್ಡಿನಿಂದ, ಯುಪಿಐನಿಂದ, ನೇರವಾಗಿ ಬುಕಿಂಗಿಗೇ ಕಟ್ಟಿ. ನಗದನ್ನೇ ಕೊಡುವುದಾದರೆ ಮೂಲ ದರ, ತೆರಿಗೆ, ಏಜೆಂಟನ ಸೇವಾ ಶುಲ್ಕ ಬೇರೆಬೇರೆ ಬರೆದ ರಸೀದಿ ಪಡೆಯದೆ ಅಂಗಡಿಯಿಂದ ಇಳಿಯಬೇಡಿ. 'ನಮ್ಮ ಸಿಸ್ಟಮ್ ನಿಮ್ಮ ನಂಬರ್ ತಗೊಳ್ಳಲ್ಲ' ಎಂದರೆ ನಂಬಬೇಡಿ. ಗಿರಾಕಿ ನೇರವಾಗಿ ಕಂಪನಿಯತ್ತ ಹೋಗಿಬಿಡುತ್ತಾನೆಂಬ ಭಯದಿಂದ ತಮ್ಮ ನಂಬರ್ ಹಾಕುವವರಿದ್ದಾರೆ. ಅವರ ವ್ಯಾಪಾರದ ಚಿಂತೆಗೆ ನೀವೇಕೆ ದಂಡ ತೆರಬೇಕು? ಟಿಕೆಟ್ ಬಂದ ಕೂಡಲೇ ವಿಮಾನ ಕಂಪನಿಯ ಸ್ವಂತ ಜಾಲತಾಣದಲ್ಲಿ ಪಿಎನ್‌ಆರ್, ಅಂದರೆ ಟಿಕೆಟ್ಟಿನ ಬುಕಿಂಗ್ ಸಂಖ್ಯೆ, ಹಾಕಿ ನೋಡಿ. ಸಂಪರ್ಕ ವಿವರ ತಪ್ಪಿದ್ದರೆ ಅಲ್ಲೇ ತಿದ್ದಲು ನೋಡಿ. ಅಲ್ಲಿ ಆಗದಿದ್ದರೆ ಕಂಪನಿಗೆ ಇಮೇಲ್ ಕಳಿಸಿ, ಆ ಇಮೇಲೇ ನಾಳೆ ನಿಮ್ಮ ಪುರಾವೆ. ಕುಟುಂಬದ ಹತ್ತು ಜನಕ್ಕೆ ಒಟ್ಟಿಗೆ ಬುಕ್ ಮಾಡಿದ್ದರೆ ಪ್ರಯಾಣದಲ್ಲಿ ಜೊತೆಗಿರುವ ಒಬ್ಬರ ನಂಬರ್ ಇರಬೇಕು, ಊರಲ್ಲಿ ಉಳಿದವರದ್ದಲ್ಲ.

ಎರಡನೆಯ ಆಕ್ಷೇಪ: ಟಿಕೆಟ್ಟಿನ ಮೇಲೆಯೇ 'ನಾನ್ ರೀಫಂಡಬಲ್' ಎಂದಿದೆ, ನಾವೇ ಒಪ್ಪಿದ್ದೇವೆ, ಇನ್ನು ಕೇಳುವುದೇನು? ಹೀಗೆಂದುಕೊಂಡು ಕ್ಯಾನ್ಸಲ್ ಕೂಡ ಮಾಡದೆ ಮನೆಯಲ್ಲಿ ಕೂರುವವರು ತಮ್ಮದೇ ಹಣ ಬಿಟ್ಟುಕೊಡುತ್ತಿದ್ದಾರೆ. ಮೂಲ ದರ ಹೋದರೂ ಶಾಸನಬದ್ಧ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಅಭಿವೃದ್ಧಿ ಶುಲ್ಕವನ್ನು ಕಂಪನಿ ಹಿಂದಿರುಗಿಸಲೇಬೇಕು. ಆಫರ್ ಟಿಕೆಟ್ಟಿಗೂ ಇದು ಅನ್ವಯಿಸುತ್ತದೆ, ವಿಮಾನಕ್ಕೆ ಬಾರದೇ ಉಳಿದವರಿಗೂ ಅನ್ವಯಿಸುತ್ತದೆ. ಕ್ಯಾನ್ಸಲ್ ಶುಲ್ಕ ಯಾವ ಕಾರಣಕ್ಕೂ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರಬಾರದು. ರೀಫಂಡ್ ಮಾಡಿಕೊಡಲು ಕಂಪನಿ ಬೇರೆ ಶುಲ್ಕ ಕೀಳಬಾರದು. ಹಣವನ್ನು 'ಕ್ರೆಡಿಟ್ ಶೆಲ್' ಎಂದು ತಮ್ಮಲ್ಲೇ ಇಟ್ಟುಕೊಳ್ಳುವುದು ನೀವು ಒಪ್ಪಿದರೆ ಮಾತ್ರ. ಬುಕ್ ಮಾಡಿದ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡುವ ಅಥವಾ ದಿನ ಬದಲಿಸುವ ಅವಕಾಶವೂ 2016ರ ನಿಯಮದಲ್ಲಿತ್ತು, ದಿನ ಬದಲಿಸಿದರೆ ದರದ ವ್ಯತ್ಯಾಸ ಮಾತ್ರ ಕೊಡಬೇಕಿತ್ತು. ಆದರೆ ವಿಮಾನ ಹೊರಡಲು 7 ದಿನಕ್ಕಿಂತ ಕಡಿಮೆ ಇದ್ದರೆ ಈ ಅವಕಾಶವಿರಲಿಲ್ಲ. ಈ 24 ಗಂಟೆಯನ್ನು 48ಕ್ಕೆ ಏರಿಸುವ ಪ್ರಸ್ತಾವವೂ ಅದೇ ನವೆಂಬರ್ ಕರಡಿನಲ್ಲಿತ್ತು, ಹಾಗಾಗಿ ಈಗಿನ ಅವಧಿಯನ್ನೂ ಡಿಜಿಸಿಎ ಜಾಲತಾಣದಲ್ಲಿ ನೋಡಿಕೊಳ್ಳಿ. ಕಂಪನಿಯ ಜಾಲತಾಣದಲ್ಲಿ ನೇರವಾಗಿ ಕೊಂಡಿದ್ದರೆ, ಹೆಸರಿನ ಅಕ್ಷರ ತಪ್ಪನ್ನೂ 24 ಗಂಟೆಯೊಳಗೆ ತಿಳಿಸಿದರೆ ಶುಲ್ಕವಿಲ್ಲ. ಏಜೆಂಟ್ ಟಿಕೆಟ್ಟನ್ನು ತಡವಾಗಿ ಕಳಿಸಿದರೆ ರದ್ದು ಮಾಡುವ ಅವಕಾಶದ ಗಂಟೆಗಳು ಅವನ ಕೈಯಲ್ಲೇ ಮುಗಿದಿರುತ್ತವೆ ಎಂಬುದನ್ನು ಗಮನಿಸಿ.

ನೀವೇ ಒಪ್ಪಿದ್ದೀರಿ ಎಂಬ ಮಾತಿಗೆ ಉತ್ತರ ಸರಳ: ಡಿಜಿಸಿಎ ಕೊಡಲೇಬೇಕೆಂದು ಹೇಳಿದ್ದನ್ನು ಕಂಪನಿ ತನ್ನ ಷರತ್ತಿನಲ್ಲಿ ಬರೆದುಕೊಂಡು ತಪ್ಪಿಸಿಕೊಳ್ಳಲಾಗದು. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆಯನ್ನು ಒಪ್ಪಿಗೆಯೆಂದು ಎಣಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಕೇಳದ ವಿಮೆ, ದೇಣಿಗೆಗಳನ್ನು ಬಿಲ್ಲಿಗೆ ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರಿನ ಮಾರ್ಗಸೂಚಿಗಳು ನಿಷೇಧಿಸಿವೆ. ಇಷ್ಟಾಗಿಯೂ ಎರಡು ವಿನಾಯಿತಿಗಳನ್ನು ಮುಚ್ಚಿಡಲಾರೆ. ವಿದೇಶಿ ಕಂಪನಿಗಳ ರೀಫಂಡ್ ಅವುಗಳ ಸ್ವಂತ ದೇಶದ ನಿಯಮದಂತೆ ನಡೆಯುತ್ತದೆ, ಆದ್ದರಿಂದ ಕೊಲ್ಲಿಯ ಅಥವಾ ಅಮೆರಿಕದ ಕಂಪನಿಯ ಟಿಕೆಟ್ ಕೊಳ್ಳುವವರು ಅದರ ಷರತ್ತನ್ನು ಓದಿಸಿಕೊಳ್ಳಲೇಬೇಕು. ಇನ್ನು ಕಂಪನಿಯೇ ದಿವಾಳಿಯಾದರೆ ಯಾವ ನಿಯಮವೂ ಬೇಗ ಹಣ ತರುವುದಿಲ್ಲ. 2023ರ ಮೇ 3ರಂದು ಹಾರಾಟ ನಿಲ್ಲಿಸಿದ ಗೋ ಫಸ್ಟ್‌ನ ಪ್ರಯಾಣಿಕರು ಸಾಲ ಕೊಟ್ಟವರ ಸಾಲಿನಲ್ಲಿ ಕಾಯಬೇಕಾಯಿತು. ಕಾರ್ಡಿನಲ್ಲಿ ಕಟ್ಟಿದವರಿಗೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣದ ವಾಪಸಾತಿ, ಕೇಳುವ ದಾರಿಯಾದರೂ ಇರುತ್ತದೆ, ನಗದು ಕೊಟ್ಟವರಿಗೆ ಅದೂ ಇಲ್ಲ.

ಹಣ ಬಾರದಿದ್ದರೆ ಮೊದಲು ವಿಮಾನ ಕಂಪನಿಗೆ ಬರಹದಲ್ಲಿ ದೂರು ಕೊಡಿ, ಪ್ರತಿಯನ್ನು ಏಜೆಂಟನಿಗೂ ಕಳಿಸಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆಯಿಲ್ಲ. ಕಂಪನಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ರೀಫಂಡ್‌ಗೆ ಕಾದು ಬೇಸತ್ತವರನ್ನೇ ಗುರಿಯಾಗಿಸಿಕೊಂಡು ನಕಲಿ ಕಸ್ಟಮರ್ ಕೇರ್ ನಂಬರುಗಳನ್ನು ಹರಿಯಬಿಡುವ ವಂಚಕರಿದ್ದಾರೆ. ಓಟಿಪಿ ಕೇಳಿದರೆ, ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಂತರದ ಮೆಟ್ಟಿಲು ಸರ್ಕಾರದ ಏರ್‌ಸೇವಾ ಪೋರ್ಟಲ್. ಅಲ್ಲಿ ಕಂಪನಿ ಕೊಟ್ಟ ಉತ್ತರವನ್ನೇ ಅಂಟಿಸಿ ದೂರನ್ನು ಮುಗಿಸಿಬಿಡುವುದುಂಟು. ಪ್ರಯಾಣಿಕರ ಪರ ನಿಲ್ಲಬೇಕಾದ ಅಧಿಕಾರಿಗಳು ಅಂಚೆಯವರಂತೆ ಕಾಗದ ದಾಟಿಸುತ್ತಾ ಕೂರುವುದು ಅಕ್ಷಮ್ಯ, ಆದರೂ ಆ ದೂರಿನ ಸಂಖ್ಯೆ ಮುಂದೆ ಬೇಕಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದೆ, ಷರತ್ತಿನಲ್ಲಿ ದೆಹಲಿಯ ನ್ಯಾಯಾಲಯ ಎಂದಿದೆ ಎಂದು ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷದ ಗಡುವು ಮೀರಬೇಡಿ. ದೂರಿನಲ್ಲಿ ಏಜೆಂಟನೊಬ್ಬನನ್ನೇ ಎದುರುದಾರನನ್ನಾಗಿ ಮಾಡಬೇಡಿ, ವಿಮಾನ ಕಂಪನಿಯನ್ನೂ ಸೇರಿಸಿ. ಇಬ್ಬರೂ ಒಂದೇ ಕಟಕಟೆಯಲ್ಲಿ ನಿಂತಾಗ ಹಣ ಯಾರಲ್ಲಿದೆ ಎಂಬುದನ್ನು ಅವರೇ ಹೇಳಬೇಕಾಗುತ್ತದೆ.

ಮುಂದಿನ ದಿನಗಳಿಗೆ ಟಿಕೆಟ್ ಮಾಡಿಸಿಟ್ಟುಕೊಂಡವರು ಪ್ರಯಾಣದ ದಿನದವರೆಗೆ ಕಾಯಬೇಡಿ. ಇವತ್ತೇ ಪಿಎನ್‌ಆರ್ ಹಾಕಿ, ಸಂಪರ್ಕದ ಖಾನೆಯಲ್ಲಿ ನಿಮ್ಮ ನಂಬರ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಇವತ್ತೇ ಬದಲಿಸಿ.