ಹುಳ ಬಿದ್ದ ಮನ್ನ, ಹುಳ ಬಿದ್ದ ಅಕ್ಕಿ

ಬೈಬಲ್ ತೆಗೆಯಿರಿ, ವಿಮೋಚನಕಾಂಡ 16ನೇ ಅಧ್ಯಾಯ, 13ರಿಂದ 24ನೇ ವಚನಗಳು. ಮೊಬೈಲ್‌ನಲ್ಲಿ ಓದುವವರು ದಯವಿಟ್ಟು ಶಾಪಿಂಗ್ ಆಪ್‌ನ ನೋಟಿಫಿಕೇಶನ್ ಆಫ್ ಮಾಡಿ. ಇವತ್ತಿನ ಸಂದೇಶಕ್ಕೂ ಅದಕ್ಕೂ ಸಂಬಂಧ ಇದೆ.

ಓದಿದಿರಲ್ಲ? ಇಸ್ರಾಯೇಲ್ಯರು ಅರಣ್ಯದಲ್ಲಿದ್ದಾರೆ. ದೇವರು ದಿನಾ ಬೆಳಿಗ್ಗೆ ಮನ್ನ ಕೊಡುತ್ತಾನೆ. ಒಬ್ಬೊಬ್ಬರಿಗೆ ಒಂದು ಓಮೆರ್ ಅಂತ ಅಳತೆಯನ್ನೂ ಕೊಡುತ್ತಾನೆ. ಮರುದಿನಕ್ಕೆ ಉಳಿಸಬೇಡಿ ಅಂತ ಮೋಶೆ ಹೇಳಿದ. ಆದರೂ ಕೆಲವರು ಉಳಿಸಿದರು. ಬೆಳಿಗ್ಗೆ ನೋಡಿದರೆ ಹುಳ, ನಾತ. ಮೋಶೆಗೆ ಕೋಪ ಬಂತು.

ಈ ಭಾಗವನ್ನು ಬೈಬಲ್ ಕಾಲೇಜಿನಲ್ಲಿ ಪರೀಕ್ಷೆಗೋಸ್ಕರ ಓದಿದ್ದೆ, ಒಳ್ಳೆ ಮಾರ್ಕ್ಸ್ ಕೂಡ ಬಂತು. ಆದರೆ ಅರ್ಥ ಆಗಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ.

2020ರ ಮಾರ್ಚ್ 24, ರಾತ್ರಿ 8 ಗಂಟೆ. 21 ದಿನ ಲಾಕ್‌ಡೌನ್ ಅಂತ ಪ್ರಧಾನಿ ಘೋಷಿಸಿದರು. ನಿಮಗೆ ನೆನಪಿದೆ, ಆ ರಾತ್ರಿ ಜನ ಅಂಗಡಿಗಳಿಗೆ ಓಡಿದರು. ನಾನೂ ಓಡಿದೆ. ಮನೆಯಲ್ಲಿ ನಾವಿಬ್ಬರೇ. ಆದರೂ 25 ಕೆಜಿಯ ಎರಡು ಮೂಟೆ ಅಕ್ಕಿ, 8 ಲೀಟರ್ ಎಣ್ಣೆ, ಎರಡು ಡಜನ್ ಸೋಪು ತಗೊಂಡೆ. ಕ್ಯೂನಲ್ಲಿ ನನ್ನ ಹಿಂದೆಯೇ ನಮ್ಮ ಬಿಲ್ಡಿಂಗಿನ ವಾಚ್‌ಮನ್ ನಿಂತಿದ್ದ. ಅವನು ಕೇಳಿದ್ದು 5 ಕೆಜಿ. ಅಂಗಡಿಯವರು ಅಕ್ಕಿ ಖಾಲಿ ಅಂದರು. ಕೊನೆಯ ಮೂಟೆ ನನ್ನ ಸ್ಕೂಟರ್ ಮೇಲಿತ್ತು. ನಾನು ಅವನ ಮುಖ ನೋಡಲಿಲ್ಲ. ಬೇಕೂಂತಲೇ ನೋಡಲಿಲ್ಲ.

ಮರುದಿನ ಸಂಜೆ ಫೋನಿನಲ್ಲಿ ಪ್ರಾರ್ಥನಾ ಕೂಟ ನಡೆಸಿದೆ. ವಿಷಯ ಏನು ಗೊತ್ತಾ? ಯೆಹೋವ ಯೀರೆ. ಒದಗಿಸುವ ದೇವರು.

ಆಗಸ್ಟ್‌ನಲ್ಲಿ ಎರಡನೇ ಮೂಟೆ ಬಿಚ್ಚಿದೆವು. ತುಂಬಾ ಹುಳ. ನನ್ನ ಹೆಂಡತಿ ಮೊರದಲ್ಲಿ ಕೇರುತ್ತಾ ಏನೂ ಮಾತಾಡಲಿಲ್ಲ. 20ನೇ ವಚನ ನೆನಪಾಗಿ ನನಗೆ ಅಲ್ಲೇ ಅಳು ಬಂತು. ಅಷ್ಟರಲ್ಲಿ ವಾಚ್‌ಮನ್ ಊರಿಗೆ ಹೋಗಿಬಿಟ್ಟಿದ್ದ, ವಾಪಸ್ ಬರಲಿಲ್ಲ. ಅವನ ಹತ್ತಿರ ಕ್ಷಮೆ ಕೇಳಬೇಕಿತ್ತು. ಇವತ್ತಿಗೂ ಕೇಳೋಕಾಗಿಲ್ಲ.

ಪ್ರಿಯರೇ, ಮೊದಲನೆಯ ಮಾತು ಇದು: ಬೇಕಾದ್ದಕ್ಕಿಂತ ಹೆಚ್ಚು ಕೊಳ್ಳುವುದರ ಬೇರು ಬಹಳ ಸಲ ಭಯವೇ. ಈಗ ಲಾಕ್‌ಡೌನ್ ಇಲ್ಲ. ಭಯ ಬೇರೆ ವೇಷದಲ್ಲಿ ಬರುತ್ತದೆ. ಆಫರ್ ಇವತ್ತು ರಾತ್ರಿಗೆ ಮುಗಿಯುತ್ತೆ ಅನ್ನುವ ಭಯ. ಇನ್ನು 80 ರೂಪಾಯಿ ಸೇರಿಸಿದರೆ ಡೆಲಿವರಿ ಫ್ರೀ ಅನ್ನುವ ಆಸೆ. 25 ರೂಪಾಯಿ ಡೆಲಿವರಿ ಉಳಿಸೋಕೆ 80 ರೂಪಾಯಿಯ ಬೇಡದ ಬಿಸ್ಕತ್ತು ತಗೋತೀವಿ. ಅದು ಉಳಿತಾಯ ಅಲ್ಲ, 55 ರೂಪಾಯಿ ಹೆಚ್ಚು ಖರ್ಚು. ಮನೆಗೆ ಬಂದದ್ದು ಎಲ್ಲಿಗೆ ಹೋಗುತ್ತೆ? ಮಂಚದ ಕೆಳಗೆ, ಅಟ್ಟದ ಮೇಲೆ, ಸಿಂಕ್ ಕೆಳಗೆ. ನಿಮ್ಮಲ್ಲಿ ಎಷ್ಟೋ ಜನ ಒಂದು ರೂಮಿನ ಮನೆಯಲ್ಲಿ ಬಾಡಿಗೆಗಿದ್ದೀರಿ. ಆ ಬಾಡಿಗೆ ನಿಮ್ಮ ವಾಸಕ್ಕೋ, ಟಿಶ್ಯೂ ರೋಲ್‌ಗಳ ವಾಸಕ್ಕೋ?

ಈಗ ಒಬ್ಬರು ಕೇಳಬಹುದು, "ಪಾಸ್ಟರ್, ಹಾಗಾದರೆ ಸಾಮಾನು ತಂದಿಡೋದೇ ಪಾಪನಾ?" ಇಲ್ಲ. 22ನೇ ವಚನ ನೋಡಿ. ಆರನೇ ದಿನ ಎರಡರಷ್ಟು ಕೂಡಿಸಿದರು, ಸಬ್ಬತ್ತಿಗೋಸ್ಕರ. ಅದಕ್ಕೆ ಹುಳ ಬೀಳಲಿಲ್ಲ. ಅದೇ ಮನ್ನ, ಆದರೆ ಅದಕ್ಕೊಂದು ಕಾರಣ ಇತ್ತು, ಒಂದು ಅಳತೆ ಇತ್ತು. ಆದಿಕಾಂಡ 41ರಲ್ಲಿ ಯೋಸೇಫನೂ ಧಾನ್ಯ ಕೂಡಿಸಿಟ್ಟ, ಸುಭಿಕ್ಷದ 7 ವರ್ಷ, ಬೆಳೆಯ ಐದರಲ್ಲಿ ಒಂದು ಪಾಲು. ಬರ ಬಂದಾಗ ಕಣಜ ತೆರೆದು ಜನರಿಗೆ ಮಾರಿದ. ಲೂಕ 12ರ ಐಶ್ವರ್ಯವಂತನೂ ಕಣಜ ಕಟ್ಟೋಕೆ ಹೊರಟ. ಆದರೆ ಅವನ ಯೋಚನೆಯಲ್ಲಿ "ನಾನು, ನನ್ನದು" ಬಿಟ್ಟು ಇನ್ನೊಬ್ಬರ ಹೆಸರೇ ಇರಲಿಲ್ಲ.

ಎರಡನೆಯ ಮಾತು: ಅಳತೆ ಗೊತ್ತಿರಬೇಕು. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಜಾಲಹಳ್ಳಿ ಬೆಳೆದದ್ದೇ ಕಾರ್ಖಾನೆಗಳಿಂದ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ನಮ್ಮ ಸಭೆಯಲ್ಲಿ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯ ಸಹೋದರರೊಬ್ಬರಿದ್ದಾರೆ. ಅಕ್ಕಿಯ ಕಥೆ ಹೇಳಿದಾಗ ಅವರು ನಕ್ಕು, "ನಿಮ್ಮ ಮನೆಗೆ ಬಿನ್ ಕಾರ್ಡ್ ಇಲ್ಲ ಪಾಸ್ಟರ್" ಅಂದರು. ಸ್ಟೋರ್ಸ್‌ನಲ್ಲಿ ಪ್ರತಿಯೊಂದು ಸಾಮಾನಿಗೂ ಒಂದು ಕಾರ್ಡ್ ಇರುತ್ತೆ. ಎಷ್ಟು ಬಂತು, ಎಷ್ಟು ಹೋಯ್ತು, ಎಷ್ಟು ಉಳಿದಿದೆ. ಇಷ್ಟಕ್ಕಿಂತ ಕಡಿಮೆಯಾದರೆ ತರಿಸು, ಇಷ್ಟಕ್ಕಿಂತ ಜಾಸ್ತಿ ಇಡಬೇಡ. ಅಷ್ಟೇ. ಮನೆಯಲ್ಲಿ ನಮ್ಮ ಅಮ್ಮಂದಿರು ಇದನ್ನೇ ದಿನಸಿ ಚೀಟಿ ಅಂತ ಮಾಡುತ್ತಿದ್ದರು. ಸಂಬಳದ ದಿನ ಡಬ್ಬಗಳನ್ನೆಲ್ಲ ತೆಗೆದು ನೋಡಿ, ಆಮೇಲೆ ಚೀಟಿ ಬರೆಯೋದು. ನಾವು ಡಬ್ಬ ನೋಡದೆ ಸ್ಕ್ರೀನ್ ನೋಡಿ ಕೊಳ್ತೀವಿ.

ಅವರಿಂದ ಕಲಿತು ನಮ್ಮ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ, ಬರೆದುಕೊಳ್ಳಿ.

1. ಮೊದಲು ಎಣಿಸಿ. ಒಂದು ಶನಿವಾರ ಎಲ್ಲವನ್ನೂ ಹೊರಗೆ ತೆಗೆಯಿರಿ. ನಮಗೆ 9 ಟೂತ್‌ಪೇಸ್ಟ್, 4 ಫಿನಾಯಿಲ್ ಬಾಟಲಿ ಸಿಕ್ಕವು. ಒಂದೇ ತರಹದ್ದನ್ನು ಒಂದೇ ಜಾಗದಲ್ಲಿ ಇಡಿ. ಕಣ್ಣಿಗೆ ಕಾಣದ್ದನ್ನೇ ನಾವು ಮತ್ತೆ ಕೊಳ್ಳುವುದು.

2. ತೆರೆದ ದಿನ ಬರೆಯಿರಿ. ಪೇಸ್ಟು, ಶಾಂಪೂ, ಎಣ್ಣೆ ತೆರೆದಾಗ ಮೇಲೆ ಪೆನ್ನಿನಲ್ಲಿ ತಾರೀಖು ಹಾಕಿ. ನಮ್ಮಿಬ್ಬರಿಗೆ 150 ಗ್ರಾಂ ಪೇಸ್ಟ್ ಸುಮಾರು 6 ವಾರ ಬರುತ್ತೆ ಅಂತ ಆಗಲೇ ಗೊತ್ತಾಗಿದ್ದು. 9 ಟ್ಯೂಬ್ ಅಂದರೆ ಒಂದು ವರ್ಷದ್ದು! ಅದು ನಿಮ್ಮ ಮನೆಯ ಓಮೆರ್.

3. ಬಳಕೆಗೆ ಒಂದು, ಕಾಯ್ದಿಟ್ಟದ್ದು ಒಂದು. ಕಾಯ್ದಿಟ್ಟದ್ದನ್ನು ತೆರೆದ ದಿನವೇ ಚೀಟಿಯಲ್ಲಿ ಬರೆಯಿರಿ, ಅದಕ್ಕೆ ಮೊದಲು ಬೇಡ. ಮಗುವಿನ ಹಾಲಿನಪುಡಿ, ಹಿರಿಯರ ದಿನದ ಮಾತ್ರೆಗೆ ಈ ನಿಯಮ ಸಡಿಲಿಸಿ, ಅದು ಆರನೇ ದಿನದ ಮನ್ನ.

4. ಹಳೆಯದು ಮುಂದೆ, ಹೊಸದು ಹಿಂದೆ. ಎಣ್ಣೆ ಕಮಟಾಗುತ್ತೆ, ಮಸಾಲೆ ಪುಡಿ ವಾಸನೆ ಕಳೆದುಕೊಳ್ಳುತ್ತೆ, ಬ್ಲೀಚ್ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದದ್ದು ಬಳಸೋ ಹೊತ್ತಿಗೆ ಕೆಟ್ಟಿದ್ದರೆ ಅದು ಅಗ್ಗ ಅಲ್ಲ.

ಕೆಟ್ಟದ್ದನ್ನು ಕಸಕ್ಕೆ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ಯಲಹಂಕದ ಆಚೆ ಮಾವಳ್ಳಿಪುರ ಇದೆ. ವರ್ಷಗಟ್ಟಲೆ ಬೆಂಗಳೂರಿನ ಕಸ ಅಲ್ಲಿಗೆ ಹೋಯಿತು. ಊರಿನವರ ಹೋರಾಟದ ನಂತರ 2012ರಲ್ಲಿ ಅದು ನಿಂತಿತು. ಆಮೇಲೆ ಮಂಡೂರಿಗೆ ಹೊರೆ ಬಿತ್ತು, 2014ರಲ್ಲಿ ಅಲ್ಲಿಯವರೂ ಬೀದಿಗಿಳಿದರು. ನಮ್ಮ ಆಫರ್‌ನ ನಾತವನ್ನು ಇನ್ನೊಬ್ಬರ ಮಕ್ಕಳು ಉಸಿರಾಡಿದರು. ಯೋಹಾನ 6ರಲ್ಲಿ ಐದು ಸಾವಿರ ಜನ ತಿಂದಾದ ಮೇಲೆ ಯೇಸು ಏನು ಮಾಡಿಸಿದ? ಉಳಿದ ತುಂಡುಗಳನ್ನು ಕೂಡಿಸಿದ, 12 ಪುಟ್ಟಿ. ಅದ್ಭುತ ಮಾಡಬಲ್ಲವನೇ ತುಂಡನ್ನು ಹಾಳುಮಾಡಲಿಲ್ಲ.

ಕೊನೆಯ ಮಾತು. ನೀವು ಎಣಿಸಿದಾಗ ಹೆಚ್ಚಾದದ್ದು ಸಿಗುತ್ತೆ. ಅದು ಯಾರ ಪಾಲು ಅಂತ ಕರ್ತನನ್ನು ಕೇಳಿ. ತಾರೀಖು ನೋಡಿ, ನೀವು ತಿನ್ನುವಂಥದ್ದನ್ನೇ ಕೊಡಿ, ಹುಳ ಬಿದ್ದದ್ದನ್ನು ದಾನ ಅಂತ ಕರೆಯಬೇಡಿ. ನಿಮ್ಮ ಪಿಜಿಯಲ್ಲಿ ಕೆಲಸ ಕಳೆದುಕೊಂಡ ಗೆಳೆಯ ಇರಬಹುದು. ತಿಂಗಳ ಕೊನೆಯಲ್ಲಿ ಪ್ಯಾಡ್ ಕೊಳ್ಳೋಕೆ ಯೋಚಿಸುವ ಸಹೋದರಿ ಇರಬಹುದು. ಸದ್ದಿಲ್ಲದೆ ಕೊಡಿ. ಮತ್ತು ಈ ವಾರ ನಿಮ್ಮ ಗೇಟಿನ ವಾಚ್‌ಮನ್ ಮುಖ ನೋಡಿ ಮಾತಾಡಿ. ನನಗೆ ತಪ್ಪಿಹೋದ ಸಮಯ ನಿಮಗೆ ಇನ್ನೂ ಇದೆ.

ಯೇಸು ನಮಗೆ ಪ್ರಾರ್ಥನೆ ಕಲಿಸಿದಾಗ ಆ ದಿನದ ರೊಟ್ಟಿಯನ್ನು ಕೇಳಿ ಅಂದ. "ನನಗೆ" ಅಂತ ಅಲ್ಲ, "ನಮಗೆ" ಅಂತ.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಕಪಾಟುಗಳನ್ನು ನೀನು ಬಲ್ಲೆ. ಅವುಗಳ ಹಿಂದಿರುವ ಭಯವನ್ನೂ ಬಲ್ಲೆ. ನಾಳೆಯೂ ನೀನು ಇರುತ್ತೀ ಎಂಬ ನಂಬಿಕೆ ಕೊಡು. ಸಾಕು ಅನ್ನುವ ಬಾಯಿ ಕೊಡು, ತಗೋ ಅನ್ನುವ ಕೈ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.