ಮಂಗಳವಾರದ ಟಿಕೆಟ್

ಆ ಶುಕ್ರವಾರ ಕೇಸ್ ಶೀಟಿನಲ್ಲಿ ನಾನು ಬರೆದದ್ದು ಇಷ್ಟು: ಚೊಚ್ಚಲು, 35 ವಾರ, ಸೊಂಟ ನೋವಿದೆಯೇ ಎಂದರೆ ಇಲ್ಲ ಎನ್ನುತ್ತಾಳೆ. ಅವಳು ಇಲ್ಲ ಎಂದಿರಲೇ ಇಲ್ಲ. ಮೂರು ಸಲ ಹೌದು ಎಂದಿದ್ದಳು.

ಕೆನಡಾದ ನೂನಾವುಟ್‌ಗೆ ಕೆಲಸಕ್ಕೆ ಹೊರಟ ನಮ್ಮ ಕಡೆಯ ನರ್ಸ್ ಹುಡುಗಿಯರು ಈಗೀಗ ನನಗೆ ಫೋನ್ ಮಾಡುತ್ತಾರೆ. ಸಂಬಳ ಎಷ್ಟು, ಚಳಿ ಎಷ್ಟು ಅಂತ ಕೇಳುತ್ತಾರೆ. ಸಂಬಳ ಚೆನ್ನಾಗಿದೆ, ಚಳಿಗೆ ಜಾಕೆಟ್ ಸಿಗುತ್ತದೆ. ಮಿಕ್ಕದ್ದನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೂನಾವುಟ್‌ನಲ್ಲಿರುವುದು 25 ಊರು. ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ವಿಮಾನವೇ ಬಸ್ಸು. ನಾನಿದ್ದ ಊರು ಬಾಫಿನ್ ದ್ವೀಪದ ಉತ್ತರಕ್ಕೆ. ಆಸ್ಪತ್ರೆ ಇರುವ ಇಕಾಲುಯಿಟ್ ಅಲ್ಲಿಂದ ಸುಮಾರು ಸಾವಿರ ಕಿಲೋಮೀಟರ್. ನಮ್ಮ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಆಗಾಗ ಬಂದು ಹೋಗುವವರು. ಕಿವಿ ನೋವಿನಿಂದ ಎದೆ ನೋವಿನ ತನಕ ನೋಡುವುದು ನರ್ಸುಗಳೇ. ಕಷ್ಟವಾದರೆ ಫೋನಿನಲ್ಲಿ ಡಾಕ್ಟರು, ಇನ್ನೂ ಕಷ್ಟವಾದರೆ ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಮೆಡಿವ್ಯಾಕ್ ವಿಮಾನ. ನೀರು ಲಾರಿಯಲ್ಲಿ ಬಂದು ಮನೆಯ ಟ್ಯಾಂಕಿಗೆ ಬೀಳುತ್ತದೆ. ಅರಸೀಕೆರೆಯ ಬೇಸಿಗೆ ಕಂಡವಳಿಗೆ ಅದೇನೂ ಹೊಸದಲ್ಲ. ನವೆಂಬರ್ ಮಧ್ಯದಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಕೊನೆಗೆ.

ನಮ್ಮಂಥ ಊರಿನಲ್ಲಿ ಹೆರಿಗೆ ಮಾಡಿಸುವುದಿಲ್ಲ. 36-37 ವಾರಕ್ಕೆ ಬಸುರಿಯನ್ನು ಆಸ್ಪತ್ರೆ ಇರುವ ಊರಿಗೆ ವಿಮಾನ ಹತ್ತಿಸಬೇಕು. ಅವಳು ಮನೆಮಂದಿಯನ್ನು ಬಿಟ್ಟು ಅಲ್ಲಿ ವಾರಗಟ್ಟಲೆ ದಿನ ಎಣಿಸಬೇಕು. ಹೀಗೆ ಊರು ಬಿಡಿಸುವುದು ಅಲ್ಲಿ ಹೊಸದಲ್ಲ. 1950ರ ದಶಕದಲ್ಲಿ ಸಿ.ಡಿ. ಹೌ ಎಂಬ ಸರ್ಕಾರಿ ಹಡಗು ಬೇಸಿಗೆಯಲ್ಲಿ ಬಂದು, ಅಲ್ಲಿನ ಮೂಲನಿವಾಸಿಗಳಾದ ಇನ್ಯೂಯಿಟ್ ಜನರ ಎದೆಯ ಎಕ್ಸ್‌ರೇ ತೆಗೆದು, ಕ್ಷಯ ಕಂಡವರನ್ನು ಹಾಗೇ ದಕ್ಷಿಣಕ್ಕೆ ಕರೆದೊಯ್ಯುತ್ತಿತ್ತು. ಎಷ್ಟೋ ಮಂದಿ ವಾಪಸ್ ಬರಲಿಲ್ಲ. ಎಲ್ಲಿ ಮಣ್ಣು ಮಾಡಿದರೆಂದೂ ಮನೆಯವರಿಗೆ ತಿಳಿಯಲಿಲ್ಲ. ಆ ಶುಕ್ರವಾರ ಬಂದ ಬಸುರಿ ಹುಡುಗಿಯ ಅಜ್ಜಿಯ ಅವ್ವ ಹಾಗೆ ಹೋದವಳು. ಊರು ಬಿಟ್ಟು ಹೋಗು ಎಂದರೆ ಆ ಮನೆಯಲ್ಲಿ ಯಾಕೆ ಎಲ್ಲರೂ ಸುಮ್ಮನಾಗುತ್ತಾರೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಶುಕ್ರವಾರ ಸಂಜೆ ಅವಳು ಬಂದಾಗ ದುಭಾಷಿ ಮನೆಗೆ ಹೋಗಿಯಾಗಿತ್ತು. ಹುಡುಗಿಗೆ ಇಂಗ್ಲಿಷ್ ಬರುತ್ತದಲ್ಲ ಎಂದು ನಾನೇ ಕೇಳಿದೆ, ಸೊಂಟ ನೋಯುತ್ತಾ? ಮಾತಿಲ್ಲ, ಹುಬ್ಬು ಮೇಲೆತ್ತಿದಳು. ನಮ್ಮಲ್ಲಿ ಹುಬ್ಬು ಹಾರಿಸಿದರೆ ‘ಏನು?’ ಅಂತ ತಾನೇ? ಕೇಳಿಸಲಿಲ್ಲವೇನೋ ಎಂದು ಗಟ್ಟಿಯಾಗಿ ಕೇಳಿದೆ. ಮತ್ತೆ ಹುಬ್ಬು. ಹೊಟ್ಟೆ ಬಿಗಿಯುತ್ತಾ? ಹುಬ್ಬು. ಹೊಟ್ಟೆ ಮುಟ್ಟಿದೆ, ಆ ಎರಡು ನಿಮಿಷ ಮೆತ್ತಗೇ ಇತ್ತು. ಮಗುವಿನ ಎದೆಬಡಿತ ಸರಿಯಿತ್ತು. ಬೆಳಗಿನಿಂದ ಊಟ ಮಾಡಿರಲಿಲ್ಲ ನಾನು. ಇಲ್ಲ ಎಂದು ಬರೆದು ಮುಗಿಸಿದೆ.

ಆದರೂ ಮನಸ್ಸು ತಡೆಯದೆ, ರೋಗಿಗಳ ಪ್ರಯಾಣ ನೋಡಿಕೊಳ್ಳುವ ಅಧಿಕಾರಿಗೆ ಫೋನ್ ಮಾಡಿ ಶನಿವಾರ ಬೆಳಗಿನ ಸೀಟು ಕೇಳಿದೆ. ಆತ ನಾನು ಕಳಿಸಿದ್ದನ್ನೇ ನನಗೆ ಓದಿ ಹೇಳಿದ. “ನೋವಿಲ್ಲ ಅಂತ ನೀವೇ ಬರೆದಿದ್ದೀರಿ. ಮಂಗಳವಾರಕ್ಕೆ ಬುಕ್ ಮಾಡಿದ್ದೇನೆ.” ಬಿರುಗಾಳಿ ಮುನ್ಸೂಚನೆ ಇದೆ ಎಂದೆ. ಹಾಗಾದರೆ ಬುಧವಾರಕ್ಕೆ ಹಾಕಲಾ ಎಂದ! ಆ ಮನುಷ್ಯನ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ. ಆದರೆ ಅವನ ಕೈಗೆ ಆ ಸಾಲು ಕೊಟ್ಟವಳು ನಾನೇ.

ಶನಿವಾರ ಮಧ್ಯಾಹ್ನ ಗಾಳಿ ಎದ್ದಿತು. ರಾತ್ರಿ 2ಕ್ಕೆ ಆನ್-ಕಾಲ್ ಫೋನ್ ಹೊಡೆದುಕೊಂಡಿತು. ಸ್ನೋಮೊಬೈಲ್ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ, ತುಪ್ಪಳದ ಚರ್ಮ ಹೊದಿಸಿ ಅವಳನ್ನು ತಂದರು. ದುಭಾಷಿಯೂ ಬಂದಳು. ನೋವು ಯಾವಾಗಿನಿಂದ ಕೇಳು ಅಂದೆ. ಅವಳು ಕೇಳಿ, ಒಂದು ಗಳಿಗೆ ನನ್ನ ಮುಖ ನೋಡಿ ಹೇಳಿದಳು: “ಶುಕ್ರವಾರವೇ ಹೇಳಿದ್ದಾಳಂತೆ. ಹುಬ್ಬು ಎತ್ತಿದರೆ ಹೌದು ಅಂತ. ಇಲ್ಲ ಅನ್ನೋಕೆ ಮೂಗು ಸುಕ್ಕಿಸ್ತೀವಿ.”

ಕೈ ತಣ್ಣಗಾಯಿತು. ಪರೀಕ್ಷೆ ಮಾಡಿದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆದಿತ್ತು. ಫೋನಿನಲ್ಲಿ ಡಾಕ್ಟರು, ವಿಮಾನ ಏಳುವಂತಿಲ್ಲ, ಅಲ್ಲೇ ಮಾಡಿಸಿ ಎಂದರು. ನನ್ನ ಜೊತೆಗಿದ್ದ ಕೆನಡಾದ ನರ್ಸ್ ಹೆರಿಗೆ ಮಾಡಿಸಿದವಳಲ್ಲ. ನಮ್ಮ ಜಿ.ಎನ್.ಎಂ. ನರ್ಸಿಂಗ್ ಓದಿನಲ್ಲಿ 20 ಹೆರಿಗೆ ಮಾಡಿಸಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಬೇಕಿತ್ತು. ಅದಾಗಿ 16 ವರ್ಷ. ಹಾಸನದಲ್ಲಿ ನನ್ನ ಬೆರಳಿಗೆ ಏಟು ಕೊಡುತ್ತಿದ್ದ ಹಿರಿಯ ಸಿಸ್ಟರ್ ದನಿ ಕಿವಿಯಲ್ಲಿ ಬಂತು: “ಎಳೀಬೇಡ ಕಣೇ, ತಾನಾಗೇ ಬರುತ್ತೆ. ನಿನ್ ಕೈ ಕಾವಲಿಗಿದ್ರೆ ಸಾಕು.”

ಆದರೂ ಹಟ ಮಾಡಿದೆ. ಜೊತೆಗೆ ಬಂದಿದ್ದ ಅಜ್ಜಿ ಮೊಮ್ಮಗಳನ್ನು ಮಂಡಿಯೂರಿಸಲು ಹೊರಟರೆ, ನಾನು ಮಂಚದ ಮೇಲೆ ಅಂಗಾತ ಮಲಗಿಸುತ್ತಲೇ ಇದ್ದೆ. ಮುಕ್ಕಾಲು ಗಂಟೆ ಹೀಗೇ. ಮಗುವಿನ ಎದೆಬಡಿತ ನಿಧಾನವಾಗತೊಡಗಿತು. ಫೋನ್ ಕಟ್ ಆಗಿ ಆಗಿ ಬರುತ್ತಿತ್ತು. ಕೊನೆಗೆ ಅಜ್ಜಿ ನನ್ನನ್ನು ಕೇಳದೆ ಕಂಬಳಿ ಮಡಚಿ ನೆಲಕ್ಕೆ ಹಾಕಿ, ಹುಡುಗಿಯನ್ನು ಮಂಡಿಯ ಮೇಲೆ ಕೂರಿಸಿ, ತಾನು ಎದುರು ಕೂತು ಹೆಗಲು ಕೊಟ್ಟಳು. ನಾನೂ ನೆಲಕ್ಕೆ ಕೂತೆ. ನಾಲ್ಕನೇ ನೋವಿಗೆ ಮಗು ನನ್ನ ಕೈಗೆ ಬಂತು. ಅಳಲಿಲ್ಲ. ಟವೆಲಿನಿಂದ ಬೆನ್ನು ಉಜ್ಜಿದೆ, ಇಲ್ಲ. ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದೆ, ಎಣಿಸುತ್ತಾ, ಕನ್ನಡದಲ್ಲೇ. ಬೆಕ್ಕಿನ ಮರಿಯಂಥ ಒಂದು ದನಿ ಬಂದದ್ದು ಎಷ್ಟರಲ್ಲೋ ನೆನಪಿಲ್ಲ. ಆಕ್ಸಿಟೋಸಿನ್ ಕೊಟ್ಟೆ, ಮಾಸು ಬಿತ್ತು, ರಕ್ತ ಹತೋಟಿಯಲ್ಲಿತ್ತು. ಗಂಡು, 2 ಕಿಲೋ 300 ಗ್ರಾಂ.

ಗಾಳಿ ಸೋಮವಾರದವರೆಗೂ ಬಿಡಲಿಲ್ಲ. ಅಷ್ಟೂ ಹೊತ್ತು ಮಗು ತಾಯಿಯ ಬರಿಯ ಎದೆಯ ಮೇಲೆ, ಮೇಲೆ ಅವಳ ಅಮೌತಿ. ಅದು ಬೆನ್ನಿಗೆ ಮಗು ಕೂರುವ ಜೋಳಿಗೆ ಇರುವ ಅಲ್ಲಿನ ಹೆಂಗಸರ ಕೋಟು. ಪ್ರತಿ ಅರ್ಧ ಗಂಟೆಗೆ ಅಂಗಾಲು ಮುಟ್ಟಿ ನೋಡುತ್ತಿದ್ದೆ. ಒಮ್ಮೆಯೂ ತಣ್ಣಗಾಗಲಿಲ್ಲ.

ಟಿಪ್ಸ್ ಕೇಳುವವರಿಗೆ: ಮೊದಲ ದಿನವೇ ಹುಬ್ಬು-ಮೂಗಿನ ಪಾಠ ಹೇಳಿಸಿಕೊಳ್ಳಿ. ದುಭಾಷಿ ಇಲ್ಲದೆ ಬಸುರಿಯನ್ನು ನೋಡಬೇಡಿ. ನಮ್ಮ ತಲೆ ಅಲ್ಲಾಡಿಸುವ ಚಟ ಹತೋಟಿಯಲ್ಲಿರಲಿ. ಮಾತ್ರೆ ತಗೊಳ್ಳಿ ಎಂದು ನಾನು ಆಡಿಸಿದ ತಲೆಯನ್ನು ಬೇಡ ಎಂದು ತಿಳಿದು ಒಬ್ಬ ಅಜ್ಜ ಬಿ.ಪಿ. ಮಾತ್ರೆಯನ್ನೇ ಬಿಟ್ಟಿದ್ದ. ತೊಗರಿಬೇಳೆ ವರ್ಷಕ್ಕಾಗುವಷ್ಟು ಮೊದಲೇ ಹಡಗಿಗೆ ಹಾಕಿಸಿ, ಹಿಮ ಕರಗಿದ ಬೇಸಿಗೆಯಲ್ಲಿ ಬಿಟ್ಟರೆ ಹಡಗು ಬರುವುದಿಲ್ಲ. ಇನ್ನೇನೂ ಹೊಳೆಯುತ್ತಿಲ್ಲ.

ಬುಧವಾರ ಆ ಅಧಿಕಾರಿಯ ಇ-ಮೇಲ್ ಬಂತು: ಮಂಗಳವಾರದ ಟಿಕೆಟ್ ಬಳಸದಿರಲು ಕಾರಣ ತಿಳಿಸಿ. ಪ್ರಯಾಣಿಕರು ಇಬ್ಬರಾದರು, ಸೋಮವಾರವೇ ಮೆಡಿವ್ಯಾಕ್‌ನಲ್ಲಿ ಹೋದರು ಎಂದು ಉತ್ತರಿಸಿದೆ. ಆಮೇಲೆ ಕೇಸ್ ಶೀಟ್ ತೆಗೆದು ಶುಕ್ರವಾರದ ‘ಇಲ್ಲ’ದ ಮೇಲೆ, ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘ಹೌದು’ ಎಂದು ಬರೆದು, ಆ ದಿನದ ತಾರೀಖು ಹಾಕಿ ಸಹಿ ಮಾಡಿದೆ.